ಗರಗದ ಚಕ್ಕಡಿ ಮತ್ತು ಸತ್ತ ಕುದುರೆ

ಓದುವ ಬಂಧುಗಳಿಗೆಲ್ಲ ನಮಸ್ಕಾರ. ನಾನು ಶಾಲೆಯ ಕಟ್ಟೆ ಹತ್ತಿದ್ದೇ ಮೀಸೆ ಚಿಗುರುವ ವಯಸ್ಸಿನಲ್ಲಿ. ಈ ಟೈಪು ಯಂತ್ರದ ಮುಂದೆ ಕೂತದ್ದು ಆ ಮೀಸೆ ಬೆಳ್ಳಗಾದ ಮೇಲೆ. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಕುಟ್ಟುತ್ತಿದ್ದೇನೆ. ಎಲ್ಲಾದರೂ ಒತ್ತು ಬಿಟ್ಟಿದ್ದರೆ, ದೀರ್ಘ ಗಿಡ್ಡಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ.

ಪುಸ್ತಕ ಬರೆದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಎದುರಿಗೆ ಬಂದವರು ‘ಆರಾಮೇನು?’ ಎಂದರೆ ‘ಆರಾಮ’ ಎಂದು ಹೇಳಿ ದಾರಿ ಬಿಡುವುದಿಲ್ಲ. ‘ಪುಸ್ತಕ ಓದಿದ್ರೇನು? ಹೆಂಗ ಅನಿಸ್ತು?’ ಎಂದು ಅವರ ಕೈ ಹಿಡಿದು ನಿಲ್ಲಿಸಿಕೊಳ್ಳುತ್ತಾನೆ. ಸ್ವಾತಂತ್ರ್ಯ ಬರುವುದಕ್ಕೆ ಕೆಲವು ವರ್ಷ ಮೊದಲು, ಧಾರವಾಡದಲ್ಲಿ ನನಗೂ ಈ ರೋಗ ಬಂದಿತ್ತು. ನನ್ನನ್ನು ಕಂಡರೆ ಜನ ಓಣಿ ಬದಲಿಸುತ್ತಿದ್ದರು.

ನಾನು ಬರೆದದ್ದು ‘ಉಕ್ಕಿನಂಗಿಯ ಸರದಾರ’ ಎಂಬ ಕಾದಂಬರಿ. ವಿಲಾಯತಿಯಲ್ಲಿ ಹಿಂದಿನ ಕಾಲಕ್ಕೆ ನೈಟ್‌ಗಳೆಂಬ ವೀರರಿದ್ದರಲ್ಲ, ಮೈತುಂಬ ಕಬ್ಬಿಣ ತೊಟ್ಟು, ಈಟಿ ಹಿಡಿದು, ಕುದುರೆಯ ಮೇಲೆ ಹೋಗುವವರು, ಅಂಥವನೊಬ್ಬನ ಅದ್ಭುತ ಕಥೆ. ನಮ್ಮೂರು ಹೆಬ್ಬಳ್ಳಿಯಲ್ಲಿ ಎಮ್ಮೆ ಕಾಯ್ದವನಿಗೆ ನೈಟ್ ಎಲ್ಲಿ ಸಿಕ್ಕ ಎಂದು ನೀವು ಕೇಳಬಹುದು. ಒಂದು ಬಿಸ್ಕೀಟಿನ ಡಬ್ಬಿಯ ಮೇಲೆ ಸಿಕ್ಕ. ನಾನು ಗುಮಾಸ್ತನಾಗಿದ್ದ ಅರಳೆ ಅಂಗಡಿಯಲ್ಲಿ ಮಾಲಕರು ದಬ್ಬಣ, ಸುತಳಿ ಹಾಕಿಡುತ್ತಿದ್ದ ಡಬ್ಬಿ ಅದು. ಮುಚ್ಚಳದ ಮೇಲೆ ಬಿಳಿ ಕುದುರೆ, ಅದರ ಮೇಲೆ ಕಬ್ಬಿಣದ ಮನುಷ್ಯ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಆ ಮುಚ್ಚಳ ನೋಡುತ್ತ ನೋಡುತ್ತ ಇಡೀ ಕಾದಂಬರಿ ಬರೆದೆ. ಚಿತ್ರದಲ್ಲಿ ಅವನ ಮುಖಕ್ಕೆ ತಗಡು ಮುಚ್ಚಿತ್ತು. ಆದ್ದರಿಂದ ಕಾದಂಬರಿಯಲ್ಲಿಯೂ ಅವನು ತಗಡು ತೆಗೆಯುವುದೇ ಇಲ್ಲ. ಊಟ ಹೇಗೆ ಮಾಡುತ್ತಿದ್ದನೋ ನನಗೂ ಗೊತ್ತಿರಲಿಲ್ಲ. ನೈಟ್‌ಗಳಿಗೆ ‘ಸರ್’ ಎಂಬ ಬಿರುದು ಇರುತ್ತದೆ ಎಂದು ಯಾರೋ ಹೇಳಿದ್ದರಿಂದ ಸರ್ ರುದ್ರಸೇನ ಎಂದು ಹೆಸರಿಟ್ಟೆ. ಅವನ ಕುದುರೆ ಮಿಂಚು. ಅದಕ್ಕೆ ಮಾತು ಬರುತ್ತಿತ್ತು. ಕೊನೆಯ ಪುಟದಲ್ಲಿ ಏಳು ಹೆಡೆಯ ಸರ್ಪ ಉಗುಳಿದ ಬೆಂಕಿಗೆ ಮಿಂಚು ತಾನೇ ಅಡ್ಡ ನಿಂತು ಸಾಯುತ್ತದೆ. ರುದ್ರಸೇನ ಒಬ್ಬನೇ ನಡೆದು ಹೋಗುತ್ತಾನೆ. ನಾನೇ ಬರೆದು ನಾನೇ ಅತ್ತಿದ್ದೆ.

ದೊಡ್ಡವರ ಅಭಿಪ್ರಾಯಗಳನ್ನು ಪುಸ್ತಕದ ಮೊದಲಿಗೇ ಅಚ್ಚು ಹಾಕಿಸುವ ರೂಢಿ ಆಗ ಇತ್ತು. ನನಗೆ ಅದು ನೆನಪಾದದ್ದು ಪುಸ್ತಕ ಅಚ್ಚಾದ ಮೇಲೆ. ಎರಡನೆಯ ಮುದ್ರಣಕ್ಕಾದರೂ ಇರಲಿ ಎಂದು ಪ್ರತಿ ಕೊಟ್ಟು, ಕೆಲವು ದಿನ ಬಿಟ್ಟು ಒಬ್ಬೊಬ್ಬರ ಮನೆಗೆ ಹೋದೆ. ನಮ್ಮ ಓಣಿಯ ವಕೀಲರು ಖಾದಿ ತೊಡುವ ಗಾಂಧಿ ಪಕ್ಷದವರು. “ಪುಸ್ತಕ ಭಾಳ ಛಲೋ ಅದ. ಆದ್ರ ಆ ಸರ್ ಅನ್ನೂದು ಯಾಕ? ಬಿರುದು ಸರಕಾರಕ್ಕ ತಿರುಗಿ ಕೊಡಸಿಬಿಡ್ರಿ, ಕಾದಂಬರಿಗೆ ಒಂದು ತೂಕ ಬರ್ತದ” ಎಂದರು. ನಾನು ಮೆತ್ತಗೆ, “ಕುದರಿ ಹೆಂಗ ಅನಿಸ್ತ್ರಿ?” ಎಂದೆ. “ಕುದರಿ ಏನ್ ಕೇಳ್ತೀರಿ! ಇನ್ನೂ ಹತ್ತು ಯುದ್ಧಕ್ಕ ಬರ್ತದ!” ಎಂದರು. ನನಗೆ ಅಕ್ಷರ ಕಲಿಸಿದ ಮಾಸ್ತರರ ಮನೆಗೆ ಹೋದೆ. ಅವರು ಬೆನ್ನು ಚಪ್ಪರಿಸಿ, “ಕುದರೀನ ಛಲೋ ಸಾಕೀಯಪಾ. ಮುಂದಿನ ಭಾಗದಾಗೂ ಅದ ಇರ್ಲಿ” ಎಂದರು. ಮನೆಗೆ ಬಂದು ಹೆಂಡತಿ ನೀಲವ್ವನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತೆ. ಇಷ್ಟು ದೊಡ್ಡ ಧಾರವಾಡದಲ್ಲಿ ಕೊನೆಯ ಪುಟ ಮುಟ್ಟಿದ ಒಬ್ಬನೇ ಒಬ್ಬ ಇರಲಿಲ್ಲ.

ಅದೇ ಹೊತ್ತಿಗೆ ಹೆಂಡತಿಯ ತವರೂರು ಗರಗದಿಂದ ನಮ್ಮ ಅತ್ತೆ ಬಸಮ್ಮನವರು ಬಂದರು, ತುಂಬಿದ ಬಸುರಿ ಮಗಳನ್ನು ಬಾಣಂತನಕ್ಕೆ ಕರೆದೊಯ್ಯಲು. ಹಿಂದಿನ ಸಲ ನಮ್ಮ ಕೂಸು ಉಳಿದಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಅತ್ತೆ ಹಳೆಯ ಕಾಲದವರು, ಅಳಿಯನ ಎದುರು ಬರುವವರಲ್ಲ. ಅಡಿಗೆಮನೆಯ ಬಾಗಿಲ ಹಿಂದೆ ನಿಂತು, ನನಗೆ ಹೇಳಬೇಕಾದದ್ದನ್ನು ಮಗಳಿಗೆ ಹೇಳುತ್ತಿದ್ದರು. ದಿನಾ ಮುಂಜಾನೆ ಜಳಕ ಮುಗಿಸಿ ಪುರಾಣದ ಒಂದು ಅಧ್ಯಾಯ ಓದದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಅವಸರದಲ್ಲಿ ಪುರಾಣದ ಗಂಟು ಊರಲ್ಲೇ ಉಳಿದಿತ್ತು. ನೀಲವ್ವ ಬೇರೇನೂ ಸಿಗದೆ ನನ್ನ ಪುಸ್ತಕ ಕೊಟ್ಟಳು. ಮಾರನೆಯ ದಿನ ನಾನು ಪಡಸಾಲೆಯಲ್ಲಿ ದಾಡಿ ಮಾಡಿಕೊಳ್ಳುತ್ತಿದ್ದೆ. ಒಳಗಿನಿಂದ ಸರ್ ರುದ್ರಸೇನನ ಯುದ್ಧ ರಾಗವಾಗಿ ಕೇಳಿ ಬಂತು. ಇಣುಕಿ ನೋಡಿದರೆ ಪುಸ್ತಕ ಮಣೆಯ ಮೇಲೆ, ಅದಕ್ಕೆ ವಿಭೂತಿ, ಮೇಲೊಂದು ಕಣಗಿಲ ಹೂವು. ಗಲ್ಲ ಕೊಯ್ದುಕೊಂಡೆ.

ಅಂದಿನಿಂದ ದಿನಾ ಬಾಗಿಲ ಹಿಂದಿನಿಂದ ಅಭಿಪ್ರಾಯ ಬರತೊಡಗಿತು. “ನೀಲಾ, ಅಳಿಯಂದ್ರನ್ನ ಕೇಳು, ಆ ಹುಡುಗ ಮೂರು ಅಧ್ಯಾಯದಿಂದ ಉಂಡಿಲ್ಲ, ಹಂಗ ಹೆಂಗ ಬಡದಾಡ್ತಾನ?” ನೀಲವ್ವ ನನ್ನತ್ತ ತಿರುಗಿ, “ಉಂಡಿಲ್ಲಂತರೀ” ಎನ್ನುವಳು. “ಅವನ ಅವ್ವ ಎಲ್ಲಿ ಅದಾಳಂತ ಕೇಳು. ಅಷ್ಟು ಭಾರದ ಅಂಗಿ ಹಾಕ್ಕೊಂಡು ಹೋಗು ಅಂತ ಯಾವ ಅವ್ವ ಕಳಸತಾಳ?” ಆದರೂ ಅಂಗಡಿಗೆ ಹೋಗುವಾಗ ಹೆಜ್ಜೆ ಹಗುರಾಗಿರುತ್ತಿತ್ತು. ನನಗೊಬ್ಬ ಓದುಗರು ಸಿಕ್ಕಿದ್ದರು.

ಹೊರಡುವ ದಿನ ಬಂತು. ಸೂರ್ಯ ನೆತ್ತಿಗೆ ಬರುವುದರೊಳಗೆ ಹೊಸ್ತಿಲು ದಾಟಬೇಕೆಂದು ಅಯ್ಯನವರು ಪಂಚಾಂಗ ನೋಡಿ ಹೇಳಿದ್ದರು. ಗರಗದ ಫಕೀರಪ್ಪ ಚಕ್ಕಡಿ ತಂದು ಬಾಗಿಲಿಗೆ ನಿಲ್ಲಿಸಿದ್ದ. ನೀಲವ್ವ ಸೀರೆ ಉಟ್ಟು ತಯಾರಾಗಿದ್ದಳು. ಒಳಗೆ ರಾಗ ನಡೆದೇ ಇತ್ತು. ಒಮ್ಮೆಲೆ ನಿಂತಿತು.

“ನೀಲಾ, ಕುದರಿ ಸತ್ತದಲ್ಲಾ! ಮುಂದಿನ ಹಾಳಿ ಎಲ್ಲೈತಿ?”

“ಮುಂದ ಇಲ್ಲವ್ವಾ. ಮುಗೀತಂತ.”

“ಮುಗದರ ಹೆಂಗ? ಸಾವಿನ ಮ್ಯಾಲ ಪುಸ್ತಕ ಮುಚ್ಚತಾರೇನು? ಮಂಗಳ ಆಗಬೇಕು. ಬಸುರಿ ಹುಡುಗಿನ್ನ ಕರಕೊಂಡು ಹೊಂಟೇನಿ. ಹಿಂಗ ಮುಚ್ಚಿಟ್ಟು ನಾ ಹೊಸ್ತಿಲಾ ದಾಟಂಗಿಲ್ಲ.”

ನಾನು ಪಡಸಾಲೆಯಿಂದಲೇ, “ನೀಲಾ, ಅದು ಪುರಾಣ ಅಲ್ಲಂತ ಹೇಳು. ನಾನ ಕಟ್ಟಿದ ಕತಿ” ಎಂದೆ.

“ಅದ ಛಲೋ ಆತಲ್ಲ! ಪುರಾಣ ಬರದವರನ್ನ ಎಲ್ಲಿ ಹುಡುಕೂದು? ಇವರು ಪಡಸಾಲ್ಯಾಗ ಕುಂತಾರ. ಬರೀರಿ ಅನ್ನು.”

ನಗುತ್ತ ಏನೋ ಹೇಳಲು ಹೊರಟವನು ನೀಲವ್ವನ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ. ಕೈ ಹೊಟ್ಟೆಯ ಮೇಲಿತ್ತು. ಮಸಿಯ ದೌತಿ, ಲೆಕ್ಕಣಿಕೆ ತೆಗೆದುಕೊಂಡು ಬರೆಯಲು ಕೂತೆ.

ಹೊರಗೆ ಎತ್ತುಗಳು ಮೇವು ತಿನ್ನುತ್ತಿದ್ದವು. ಒಂದು ಕಾದಂಬರಿಗೆ ವರ್ಷಗಟ್ಟಲೆ ಮುಚ್ಚಳ ನೋಡಿದವನಿಗೆ, ಈಗ ಎತ್ತಿನ ಮುಂದಿನ ಮೇವು ಮುಗಿಯುವುದರೊಳಗೆ ಸತ್ತ ಕುದುರೆ ಏಳಿಸುವ ಕೆಲಸ. ಸಂಜೀವಿನಿ ಬೇರು ತರಿಸಿದೆ. ಅದನ್ನು ತರಲು ಸತ್ತ ಕುದುರೆಯನ್ನೇ ಕಳಿಸಿಬಿಟ್ಟಿದ್ದೆ, ಆ ಸಾಲನ್ನು ಮತ್ತೆ ಹೊಡೆದುಹಾಕಿದೆ. ಅಷ್ಟರಲ್ಲಿ ಫಕೀರಪ್ಪ ಹೊರಗಿನಿಂದ ಕೂಗಿದ: “ಧಣ್ಯಾರ, ಬಿಸಲ ಏರಾಕತ್ತೇತ್ರಿ. ಕುದರಿ ಎದ್ದತೇನ್ರಿ?” ಓಣಿಯವರು ಬಂದು ನಿಂತರು. ಖಾದಿ ವಕೀಲರೂ ಬಂದು, “ಯಾವ ಕುದರಿ? ಏನಾಗೇದ ಅದಕ್ಕ?” ಎಂದು ಕೇಳಿದರು.

“ಎದ್ದದ” ಎಂದು ಓದಿ ಹೇಳಿದೆ. ಬಾಗಿಲ ಹಿಂದಿನಿಂದ ಉತ್ತರ: “ಎದ್ರ ಸಾಲದು. ಮನೀಗೆ ಬರಬೇಕು.” ಕುದುರೆಯನ್ನೂ ಸವಾರನನ್ನೂ ಮನೆಗೆ ನಡೆಸಿದೆ. ರುದ್ರಸೇನನಿಗೊಬ್ಬ ತಾಯಿ ಹುಟ್ಟಿದಳು. ಕಬ್ಬಿಣದ ಮನುಷ್ಯನನ್ನು ಕಂಡು ಅವಳಿಗೆ ಗುರುತು ಹತ್ತಲಿಲ್ಲ. ಆಗ ಅವನು ಇಡೀ ಕಾದಂಬರಿಯಲ್ಲಿ ಮೊದಲ ಸಲ ಮುಖದ ತಗಡು ತೆಗೆದ. ಒಳಗೆ ಯಾರಿದ್ದರೆಂದು ಆವತ್ತೇ ನನಗೂ ಗೊತ್ತಾದದ್ದು. ಇನ್ನೂ ಮೀಸೆ ಬಾರದ ಹುಡುಗ. ತಾಯಿ ಬಿಸಿ ರೊಟ್ಟಿ ಹಾಕಿದಳು. ಉಂಡ. ಕುದುರೆಗೂ ಬುಟ್ಟಿ ತುಂಬ ಕಡಲೆ ಇಟ್ಟಳು. ಮಂಗಳಂ ಎಂದು ಬರೆದೆ.

ಅತ್ತೆ ಆ ಹಾಳೆಗಳನ್ನೂ ರಾಗವಾಗಿ ಓದಿದರು. ಆರತಿ ಬೆಳಗಿ, ಹಾಳೆಗಳನ್ನು ಪುಸ್ತಕದೊಳಗಿಟ್ಟು, ಕಣ್ಣಿಗೊತ್ತಿಕೊಂಡು ಮುಚ್ಚಿದರು. ಮಗಳನ್ನು ಚಕ್ಕಡಿಗೆ ಹತ್ತಿಸಿದ ಮೇಲೆ, ತಲೆಯ ಮೇಲಿನ ಸೆರಗು ಎಳೆದುಕೊಂಡು, ಎತ್ತುಗಳ ಕಡೆಗೆ ನೋಡುತ್ತ, ಜೀವನದಲ್ಲಿ ಮೊದಲ ಸಲ ನನ್ನ ಜೊತೆ ನೇರವಾಗಿ ಮಾತಾಡಿದರು. “ಕಡೀ ಅಧ್ಯಾಯ ಛಲೋ ಬರದೀರಿ. ಇದನ್ನ ಮೊದಲ ಬರದಿದ್ರ, ಹಿಂದಿಂದೆಲ್ಲಾ ಬರಿಯೂ ತ್ರಾಸ ತಪ್ಪತಿತ್ತು.”

ಮಗಳು ಹುಟ್ಟಿದಳು, ಗಟ್ಟಿಯಾಗಿ ಉಳಿದಳು. ಅತ್ತೆ ಬದುಕಿರುವವರೆಗೂ ಅದಕ್ಕೆ ಅರ್ಧ ಪುಣ್ಯ ಆ ಕುದುರೆಯದೆಂದೇ ಹೇಳುತ್ತಿದ್ದರಂತೆ. ನನ್ನ ಹೆಸರು ಆ ಲೆಕ್ಕದಲ್ಲಿ ಬರಲಿಲ್ಲ. ಎರಡನೆಯ ಮುದ್ರಣವೂ ಬರಲಿಲ್ಲ. ಉಳಿದ ಪ್ರತಿಗಳಲ್ಲೆಲ್ಲ ಮಿಂಚು ಸತ್ತೇ ಬಿದ್ದಿದೆ. ಗರಗದ ಒಂದು ಪ್ರತಿಯಲ್ಲಿ ಮಾತ್ರ ಕಡಲೆ ತಿನ್ನುತ್ತಿದೆ. ಈಗ ಅತ್ತೆಯೂ ಇಲ್ಲ, ನೀಲವ್ವನೂ ಇಲ್ಲ. ಆದರೂ ಏನಾದರೂ ಬರೆದು ಮುಗಿಸುವಾಗ ಅಡಿಗೆಮನೆಯ ಬಾಗಿಲ ಕಡೆಗೊಮ್ಮೆ ಕಿವಿ ಹೋಗುತ್ತದೆ.

ನೀವು ಬರೆದದ್ದನ್ನು, ಹಾಡಿದ್ದನ್ನು, ಹೋಗಲಿ ನೀವು ಮಾಡಿದ ಅಡಿಗೆಯನ್ನಾದರೂ ಹೀಗೆ ಯಾರಾದರೂ ಅಭಿಪ್ರಾಯ ಹೇಳಿ ತಿದ್ದಿಸಿದ್ದರೆ ನನಗೊಂದು ಕಾಗದ ಹಾಕಿರಿ. ಈ ಲೇಖನದ ಬಗೆಗೂ ಒಂದು ಮಾತು ಬರೆಯಿರಿ. ಚೆನ್ನಾಗಿದೆ ಎಂದೇನೂ ಬರೆಯಬೇಕಾಗಿಲ್ಲ. ಕುದುರೆ ಹೇಗಿದೆ ಎಂದಷ್ಟೇ ತಿಳಿಸಿರಿ, ಸಾಕು.