ಜಪಾನಿನ ಹೆಬ್ಬೆರಳು, ಬಂಟ್ವಾಳದ ಭುಜ

ನಾನು ಏನನ್ನಾದರೂ ಕಲಿಯಲು ಹೊರಟರೆ ನನಗಿಂತ ಮೊದಲು ಊರಿಗೆ ಗಲಿಬಿಲಿಯಾಗುತ್ತದೆ. ನಿವೃತ್ತಿಯ ಮೇಲಾದರೂ ಇದು ನಿಂತೀತು ಅಂದುಕೊಂಡಿದ್ದೆ. ನಿಲ್ಲಲಿಲ್ಲ, ಜಪಾನಿನವರೆಗೆ ಹೋಯಿತು.

ಸಂಗತಿ ಇಷ್ಟೆ. ನನ್ನ ಹೆಂಡತಿಯ ಬಲಭುಜ ಹಿಡಿದುಕೊಂಡು ಎರಡು ವರ್ಷ. ಕೈ ಮೇಲೆ ಏಳದು, ತುರುಬು ನಾನೇ ಕಟ್ಟಬೇಕು. ನಾನು ಕಟ್ಟಿದ್ದು ಮಧ್ಯಾಹ್ನದೊಳಗೆ ಬಿಚ್ಚುತ್ತದೆ. ಆಗ ತಿಳಿಯಿತು, ಮೂಡುಬಿದಿರೆಯಲ್ಲಿ ಒಬ್ಬರು ಟೀಚರ್ ಶಿಯಾತ್ಸು ಕಲಿಸುತ್ತಾರೆಂದು. ಚಾಪೆಯ ಮೇಲೆ ಮಲಗಿದವರನ್ನು ಬಟ್ಟೆಯ ಮೇಲಿಂದಲೇ ಹೆಬ್ಬೆರಳಿನಿಂದ ಒತ್ತುವ ಜಪಾನೀ ವಿದ್ಯೆ ಅದು. ಸೇರಿಬಿಟ್ಟೆ.

"ಕಲಿಯಿರಿ," ಅಂದಳು ಹೆಂಡತಿ. "ಆದರೆ ಮೊದಲು ಹೊರಗಿನವರನ್ನು ಒತ್ತಿ. ಅವರೆಲ್ಲ ಎದ್ದು ನಡೆದುಕೊಂಡು ಮನೆಗೆ ಹೋದರೆ ಮತ್ತೆ ನನ್ನ ಭುಜದ ಮಾತಾಡುವ."

ಅಳತೆಯ ಪ್ರಶ್ನೆ

ನಾನು ಮೂವತ್ತು ವರ್ಷ ಸರ್ವೇಯರ್ ಆಗಿದ್ದವ. ಟೀಚರ್ ಗೋಡೆಯ ಚಿತ್ರ ತೋರಿಸಿ, ದೇಹದಲ್ಲಿ 'ಕಿ' ಎಂಬ ಶಕ್ತಿ ಈ ಗೆರೆಗಳಲ್ಲಿ ಹರಿಯುತ್ತದೆ ಅಂದಾಗ ಬಹಳ ಖುಷಿಯಾಯಿತು. ಗೆರೆ ಅಂದರೆ ನಮ್ಮ ಇಲಾಖೆಯೇ ಅಲ್ಲವೇ? ಮರುದಿನ ಟೇಪು ಹಿಡಿದುಕೊಂಡೇ ಹೋದೆ.

"ಟೇಪು ಯಾಕೆ?" ಅಂದರು ಟೀಚರ್. "ಮಲಗಿದವರ ಹೆಬ್ಬೆರಳಿನ ಅಗಲವೇ ಅಳತೆ. ಅವರ ಬೆರಳು, ಅವರ ಮೈ."

ನನಗೆ ತಲೆ ತಿರುಗಿತು. "ಹಾಗಾದರೆ ಒಬ್ಬೊಬ್ಬರ ಜಾಗಕ್ಕೆ ಅವರವರದ್ದೇ ಅಳತೆಯ ಸರಪಳಿಯಾ?"

"ಹೌದು."

"ಟೀಚರ್, ಇದನ್ನು ದಯವಿಟ್ಟು ಬೆಳ್ತಂಗಡಿ ಕಡೆ ಯಾರಿಗೂ ಹೇಳಬೇಡಿ. ಅಲ್ಲಿ ನಾನು ಅಳೆದುಕೊಟ್ಟ ಗಡಿಗಳ ತಕರಾರುಗಳೆಲ್ಲ ಮತ್ತೆ ಎದ್ದು ಕೂತಾವು!"

ಪಥ್ಯ ಇಲ್ಲದ ಮದ್ದು

ಮೊದಲು ಸಿಕ್ಕಿದ್ದು ವೇಣೂರಿನ ಭಾವ, ಅಂದರೆ ಅಕ್ಕನ ಗಂಡ. ಸೊಂಟನೋವು. ನಾನು ಚಾಪೆ ಹಾಸುವುದರೊಳಗೆ ಅಂಗಿ ಬನಿಯನು ಕಳಚಿ, ಹಳೇ ಪಂಚೆ ಉಟ್ಟು ಬೋರಲು ಮಲಗಿದ್ದರು.

"ಭಾವ, ಅಂಗಿ ಹಾಕಿಕೊಳ್ಳಿ. ಎಣ್ಣೆ ಇಲ್ಲ ಇದಕ್ಕೆ."

"ಎಣ್ಣೆಯೇ ಇಲ್ಲವಾ?"

ಅರ್ಧ ಗಂಟೆ ಒತ್ತಿದೆ. ಸೊಂಟ ಹಗುರಾಯಿತು ಅಂದರು. ಎದ್ದು ಕೂತು ಕೇಳಿದರು: "ಪಥ್ಯ ಏನು?"

"ಏನೂ ಇಲ್ಲ."

"ಬಂಗುಡೆ ಮೀನು ತಿನ್ನಬಹುದಾ?"

"ಧಾರಾಳ."

ಭಾವನ ಮುಖ ಬಾಡಿತು. "ಎಣ್ಣೆ ಇಲ್ಲ, ಪಥ್ಯವೂ ಇಲ್ಲ. ಹಾಗಾದರೆ ಇದು ಮದ್ದಲ್ಲ ಮಾರಾಯ, ನೀನು ಸುಮ್ಮನೆ ಮುಟ್ಟಿದ್ದು!" ಅಂದದ್ದೇ ತಡ, ಸೊಂಟನೋವು ತಿರುಗಿ ಬಂತು.

ನಾನು ಗಾಬರಿಯಲ್ಲಿ, "ಮರೆತಿದ್ದೆ ಭಾವ, ಮೂರು ದಿನ ಬದನೆ ತಿನ್ನಬಾರದು" ಅಂದುಬಿಟ್ಟೆ. ನೋವು ಮಾಯ!

ವಾರ ಕಳೆದು ಟೀಚರ್ ಫೋನು ಬಂತು. "ನಿಮ್ಮ ಭಾವ ಹೇಳಿದರೆಂದು ಬೆಳ್ತಂಗಡಿಯಿಂದ ನಾಲ್ಕು ಮಂದಿ ಬಂದಿದ್ದಾರೆ. ಒತ್ತುವುದು ಬೇಡವಂತೆ, ಬದನೆಯ ಪಥ್ಯ ಮಾತ್ರ ಸಾಕಂತೆ. ನಮ್ಮ ಪಾಠದಲ್ಲಿ ಬದನೆ ಎಲ್ಲಿ ಉಂಟು ಸರ್?"

ಕೊನೆಗೂ ಭುಜ

ಭಾವ ನಡೆದುಕೊಂಡು ಹೋದದ್ದು ಖಚಿತವಾದ ಮೇಲೆ ಹೆಂಡತಿ ಒಪ್ಪಿದಳು. ಒಂದೇ ಸಲ, ಗುಣ ಕಾಣದಿದ್ದರೆ ಮತ್ತೆ ಕೇಳಬಾರದೆಂದು ಷರತ್ತು. ಬೆಳಿಗ್ಗೆ ಹತ್ತು ಗಂಟೆ. ಒಳಗೆ ಸೆಕೆಯೆಂದು ಜಗಲಿಯಲ್ಲೇ ಚಾಪೆ ಹಾಸಿದೆ. ಟೀಚರ್ ಹೇಳಿದಂತೆ ಬಿಳಿ ಬೆಡ್‌ಶೀಟು ಹೊದಿಸಿದೆ. ನೊಣ ಕೂರುತ್ತದೆಂದು ಅವಳು ಮುಖದ ಮೇಲೂ ಎಳೆದುಕೊಂಡಳು. ಮನಸ್ಸು ಶಾಂತವಾಗಲೆಂದು ತಲೆಯ ಹತ್ತಿರ ಊದುಬತ್ತಿ ಹಚ್ಚಿ, ಭುಜದ ಮೇಲೆ ಕೈಯಿಟ್ಟು, ಕಣ್ಣುಮುಚ್ಚಿ ತಲೆ ತಗ್ಗಿಸಿ ಕೂತೆ. ಕೈ ಇಟ್ಟ ಮೇಲೆ ಮಾತಾಡಬಾರದೆಂಬುದು ನಿಯಮ.

ಪಕ್ಕದ ಮನೆಯವರು ಪೇಪರ್ ಕೇಳಲು ಬಂದವರು ಮೆಟ್ಟಿಲಲ್ಲೇ ನಿಂತರು. ಮುಂಡಾಸು ಬಿಚ್ಚಿ ಮೆಲ್ಲಗೆ, "ಅಯ್ಯೋ ದೇವರೇ, ಏನಾಯ್ತು ಸರ್?" ಅಂದರು. ನಾನು ನಿಯಮದಂತೆ ಸುಮ್ಮನೆ ತಲೆಯಾಡಿಸಿದೆ. ಅವರು ಕಣ್ಣೊರೆಸಿಕೊಂಡು ಹೋದದ್ದೆಲ್ಲ ನನಗೆ ಆಮೇಲೆ ತಿಳಿದದ್ದು, ಆಗ ನನ್ನ ಕಣ್ಣು ಮುಚ್ಚಿತ್ತು. ಹೆಂಡತಿಗೆ ಗೊರಕೆಯೂ ಇಲ್ಲದ ಒಳ್ಳೇ ನಿದ್ರೆ ಹತ್ತಿತ್ತು.

ಸ್ವಲ್ಪ ಹೊತ್ತಿಗೆ ಕಣ್ಣು ತೆರೆದರೆ ಅಂಗಳದಲ್ಲಿ ಇಪ್ಪತ್ತು ಜನ! ನನ್ನ ಎದೆ ಉಬ್ಬಿತು. ವಿದ್ಯೆಯ ಕೀರ್ತಿ ಇಷ್ಟು ಬೇಗ ಹಬ್ಬಿತೇ? ಕೈಮುಗಿದು ಹೇಳಿದೆ: "ನೂಕಬೇಡಿ. ಒಬ್ಬೊಬ್ಬರಾಗಿ ಬನ್ನಿ. ಎಲ್ಲರನ್ನೂ ಹೀಗೇ ಮಲಗಿಸ್ತೇನೆ."

ಜನ ಹಿಂದೆ ಸರಿದರು. "ಪಾಪ, ದುಃಖಕ್ಕೆ ತಲೆ ಕೆಟ್ಟಿದೆ," ಅಂದರು ಪಕ್ಕದ ಮನೆಯವರು. "ನೀವು ಕೂತುಕೊಳ್ಳಿ ಸರ್. ಸೌದೆಗೆ ನಿಮ್ಮ ಮಾವಿನ ಮರವೇ ಆಗುತ್ತದೆ, ನಾವು ನೋಡಿಕೊಳ್ತೇವೆ."

ಯಾರಿಗೆ ಸೌದೆ, ಯಾಕೆ ಮಾವು? ನಾನು ಯೋಚಿಸುತ್ತಿರುವಾಗಲೇ ಮರಕ್ಕೆ ಮೊದಲ ಕೊಡಲಿ ಏಟು ಬಿತ್ತು.

ಬೆಡ್‌ಶೀಟು ಹಾರಿತು. ಹೆಂಡತಿ ಎದ್ದು ಕೂತಳು. "ಯಾರದು? ಮಿಡಿ ಬಿಟ್ಟ ಮರ! ಕಡಿದರೆ ಉಪ್ಪಿನಕಾಯಿಗೆ ನಿಮ್ಮ ತಲೆ ಹಾಕುವುದಾ?"

ಕೊಡಲಿಯವ ಕೊಡಲಿ ಅಲ್ಲೇ ಬಿಟ್ಟು ಓಡಿದ. ಬಾಕಿಯವರು ಗೇಟಿನಲ್ಲಿ ಸಿಕ್ಕಿಕೊಂಡರು. ನಾನು ಮಾತ್ರ ಅವಳ ಬಲಗೈ ನೋಡುತ್ತಿದ್ದೆ. ಅದು ಕಿವಿ ದಾಟಿ, ತಲೆ ದಾಟಿ, ನೆಟ್ಟಗೆ ಆಕಾಶಕ್ಕೆ ಎದ್ದಿತ್ತು!

"ಎದ್ದಿತು, ಎದ್ದಿತು!" ಎಂದು ಕುಣಿದೆ.

ಅವಳು ಕೈಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. "ಇದು ನಿಮ್ಮ ಜಪಾನಿನದ್ದಲ್ಲ, ಕೊಡಲಿಯದ್ದು," ಅಂದಳು. ಬಿಚ್ಚಿದ ತುರುಬನ್ನು ತಾನೇ ಕಟ್ಟಿಕೊಳ್ಳುತ್ತ ಒಳಗೆ ನಡೆದವಳು ಬಾಗಿಲಲ್ಲಿ ನಿಂತು ತಿರುಗಿದಳು. "ಆದರೂ ನಾಳೆ ಇನ್ನೊಮ್ಮೆ ಒತ್ತಿ. ಯಾವುದಕ್ಕೂ ಮೊದಲು ಹೋಗಿ ಗೇಟಿನ ಹತ್ತಿರ ನಿಂತುಕೊಳ್ಳಿ. ಸುದ್ದಿ ಕೇಳಿ ದಾರಿಯಲ್ಲಿರುವ ನೆಂಟರಿಗೆ ನಾನು ಬದುಕಿದ್ದೇನೆ ಅಂತ ಹೇಳಿ. ನಾನೇ ಹೇಳಲು ಹೋದರೆ ಯಾರೂ ಒಳಗೆ ಬರಲಿಕ್ಕಿಲ್ಲ."