ಅಕ್ಕ ಸುಲಿದ ಬಾಳೆಹಣ್ಣು

ದೇವರು ಒಂದೇ ಮನೆಗೆ ಎರಡು ಕಾಯಿಲೆ ಕಳಿಸುವುದಾದರೆ ಎರಡಕ್ಕೂ ಒಂದೇ ಪಥ್ಯ ಕಳಿಸಬೇಕು. ಅಡುಗೆಮನೆಗೆ ಅಷ್ಟು ಉಪಕಾರ. ನಮಗೆ ಹಾಗಾಗಲಿಲ್ಲ. ಬಿ.ಪಿ. ಮಾತ್ರೆಯಿಂದ ನನ್ನ ಮೈಯ ಪೊಟ್ಯಾಶಿಯಂ ಸೋರಿಹೋಗಿ ಮೀನಖಂಡ ಸೆಳೆಯುತ್ತಿತ್ತು. ಹಾನಗಲ್ಲಿನ ಡಾಕ್ಟರು ಎಳನೀರು, ಮೋಸಂಬಿ ರಸ, ಬಾಳೆಹಣ್ಣು, ಆಲೂಗಡ್ಡೆ ಎಂದರು. ನನ್ನ ಜೊತೆಗಿದ್ದ ಅಕ್ಕನಿಗೆ ಕಿಡ್ನಿ ಸೋತು ಅದೇ ಪೊಟ್ಯಾಶಿಯಂ ಮೈಯಲ್ಲಿ ಏರಿ ಕೂತಿತ್ತು. ಅದೇ ಡಾಕ್ಟರು ಅವೇ ಹೆಸರುಗಳನ್ನು ಹೇಳಿ, "ಇವನ್ನ ಮುಟ್ಟಬ್ಯಾಡ್ರಿ" ಎಂದರು. ಆಲೂಗಡ್ಡೆ ತಿನ್ನಲೇಬೇಕೆಂದರೆ ಹೆಚ್ಚಿ, ಕುದಿಸಿ, ಪೊಟ್ಯಾಶಿಯಂ ಇಳಿದ ನೀರನ್ನು ಚೆಲ್ಲಬೇಕಿತ್ತು. "ಚೆಲ್ಲೂದ್ಯಾಕ, ನಮ್ಮ ತಮ್ಮಗ ಕುಡಸ್ತೇನಿ" ಎಂದಳು. ಕುಡಿಸಿಯೂ ಬಿಟ್ಟಳು. ಎಂ.ಎ. ಮಾಡಿದ ನಾನು ನಿಂಬೆಹಣ್ಣು ಹಿಂಡಿಕೊಂಡು ಕುಡಿದೆ.

ನಮ್ಮ ಕಡೆ ಬೇನೆ ಬಿದ್ದವರನ್ನು ನೋಡಲು ಬರಿಗೈಲಿ ಬರುವಂತಿಲ್ಲ. ಹಂಸಭಾವಿಯ ಚಿಗವ್ವ, ಶಿಗ್ಗಾಂವಿಯ ಬೀಗರು, ಎಲ್ಲರ ಚೀಲದಲ್ಲೂ ಬಾಳೆಹಣ್ಣು. ಸವಣೂರಿನವರಾದರೂ ತಮ್ಮೂರಿನ ವೀಳ್ಯದೆಲೆ ತರಬಹುದಿತ್ತು; ಅವರೂ ಬಾಳೆಹಣ್ಣನ್ನೇ ತಂದರು, ಮೇಲೆರಡು ಎಳನೀರು. ಡಾಕ್ಟರು ಬೇಡವೆಂದಿದ್ದಾರೆ ಎನ್ನಲು ನಾನು ಬಾಯಿ ತೆರೆದರೆ ಅಕ್ಕ ಕಣ್ಣಲ್ಲೇ ಗದರುತ್ತಿದ್ದಳು. ತಂದವರ ಎದುರು ಹಾಗೆನ್ನುವುದುಂಟೆ? "ಇರ್ಲಿ ಬಿಡವಾ, ಸಂಜಿಗೆ ತಿಂತೇನಿ" ಎಂದು ಹಣ್ಣನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಡುತ್ತಿದ್ದಳು. ಅವರು ಬಸ್ಸು ಹತ್ತಿದ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ತಾನೇ ಸುಲಿದು ಕೊಡುತ್ತಿದ್ದಳು.

"ಪುಣ್ಯವಂತ ನೀನು. ಬ್ಯಾನಿ ನಂದು, ಹಣ್ಣು ನಿಂದು."

"ನಿನ್ನ ಮುಂದ ಹೆಂಗ ತಿನ್ನಲಿ, ಅಕ್ಕಾ?"

"ಬಾಯಿಲೆ ತಿನ್ನು. ನಾ ನೋಡ್ತೇನಿ."

ಸಿಪ್ಪೆಯನ್ನು ಎಸೆಯುವ ಮುಂಚೆ ಒಮ್ಮೆ ಮೂಸುತ್ತಿದ್ದಳು. ಹೀಗೆ ಬರೆದ ಕೂಡಲೇ ಅನುಮಾನ: ನಿಜಕ್ಕೂ ಮೂಸುತ್ತಿದ್ದಳೋ, ಅಥವಾ ಅವಳು ಹೋದ ಮೇಲೆ ನನ್ನ ದುಃಖವೇ ಅದನ್ನು ಸೇರಿಸಿತೋ? ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ತುದಿ ಮುರಿಯದ ಹಾಗೆ ಸುಲಿಯುತ್ತಿದ್ದಳು, ಅದಂತೂ ಹೌದು.

ಶ್ರಾವಣಕ್ಕೆ ಮುಂಚೆಯೇ ಅಕ್ಕ ತೀರಿಕೊಂಡಳು. ಅದೇ ನೆಂಟರು ಮತ್ತೆ ಬಂದರು. ಸಾವಾದ ಮನೆಗೆ ರೊಟ್ಟಿ-ಪಲ್ಯದ ಬುತ್ತಿ ತರುವುದು ರೂಢಿ. ಬಾಳೆಹಣ್ಣು ಯಾರೂ ತರಲಿಲ್ಲ. ಸ್ವಲ್ಪ ದಿನಕ್ಕೆ ನನ್ನ ಮೀನಖಂಡ ಮತ್ತೆ ಸೆಳೆಯತೊಡಗಿತು. ಡಾಕ್ಟರು ರಕ್ತದ ರಿಪೋರ್ಟು ನೋಡಿ ಗದರಿದರು.

"ಮತ್ತ ಇಳದೈತಲ್ರೀ! ಪ್ಯಾಟಿ ತುಂಬ ಬಾಳೆಹಣ್ಣೈತಿ, ತಿನ್ನಾಕ ಏನಾಗೇತಿ?"

"ಸುಲದು ಕೊಡೋರಿಲ್ರಿ" ಎಂದೆ.

ಅವರು ಮೇಜಿನ ಮೇಲಿದ್ದ ನನ್ನ ಕೈಗಳನ್ನು ನೋಡಿದರು. ನಾನೂ ನೋಡಿದೆ. ಎರಡೂ ಸರಿಯಾಗಿಯೇ ಇದ್ದವು.