ಇಪ್ಪತ್ತೈದಕ್ಕಿಟ್ಟು ಮರೆತುಬಿಡಿ

ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೇನೆ ಎನ್ನುವ ಯಂತ್ರಗಳನ್ನು ಕಂಡರೆ ನನಗೆ ಆಗುವುದಿಲ್ಲ. ನಮ್ಮ ಮನೆಯ ಫ್ಯಾನಿನ ರೆಗ್ಯುಲೇಟರನ್ನೇ ತೆಗೆದುಕೊಳ್ಳಿ. ಅದರಲ್ಲಿ ಐದು ಅಂಕಿಗಳಿವೆ. ನಾಲ್ಕರವರೆಗೆ ಫ್ಯಾನು ತಿರುಗಲೋ ಬೇಡವೋ ಎಂದು ಯೋಚಿಸುತ್ತದೆ. ಐದಕ್ಕೆ ತಿರುಗಿಸಿದರೆ ಗೋಡೆಯ ಕ್ಯಾಲೆಂಡರು ಹಾರಿ ಬೀಳುತ್ತದೆ. ನನ್ನ ಹೆಂಡತಿ ನಾಲ್ಕಕ್ಕೆ ತರುತ್ತಾಳೆ, ನಾನು ಐದಕ್ಕೆ ಒಯ್ಯುತ್ತೇನೆ, ಇಬ್ಬರೂ ಒಂದೊಂದು ಮಾತು ಆಡಿಕೊಂಡು ಮಲಗುತ್ತೇವೆ. ಆ ಫ್ಯಾನಿನ ಮೇಲೆ ನನಗೇನೂ ಸಿಟ್ಟಿಲ್ಲ. ನಿಮಗೆ ಸೆಕೆಯೋ ಚಳಿಯೋ ನನಗೆ ಗೊತ್ತು, ನೀವು ಸುಮ್ಮನಿರಿ ಎಂದು ಅದು ಯಾವತ್ತೂ ಹೇಳಿಲ್ಲ. ಹಾಗೆ ಹೇಳಿದ್ದು ಒಂದು ಕಾರು. ಅದರಿಂದ ನಾನು ಪಟ್ಟ ಪಾಡನ್ನು ಇಷ್ಟು ದಿನ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಹೊಸೂರಿನ ಸುತ್ತ ಒಂದರ ಹಿಂದೆ ಒಂದು ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಅವುಗಳಲ್ಲಿ ಒಂದರ ಆಡಳಿತ ವಿಭಾಗದಲ್ಲಿ ನಾನಿದ್ದೆ. ಆಡಳಿತ ಎಂದರೆ ದೊಡ್ಡದೇನೂ ಅಲ್ಲ. ಕ್ಯಾಂಟೀನಿನ ಸಾಂಬಾರಿಗೆ ಉಪ್ಪು ಹೆಚ್ಚಾದರೂ, ಕೈತೊಳೆಯುವ ನಲ್ಲಿ ಸೋರಿದರೂ, ಹೊರಗಿನಿಂದ ದೊಡ್ಡವರು ಬಂದರೂ ನನ್ನನ್ನೇ ಕೂಗುತ್ತಿದ್ದರು. ಯಂತ್ರಗಳನ್ನು ಕೂರಿಸಿಕೊಡಲು ವಿದೇಶದಿಂದ ಬಂದಿದ್ದ ಎಂಜಿನಿಯರೊಬ್ಬ ತನ್ನ ಕಾರನ್ನೂ ತರಿಸಿಕೊಂಡಿದ್ದ. ವಾಪಸು ಹೋಗುವಾಗ ಅದನ್ನು ಕಂಪನಿಗೇ ಬಿಟ್ಟ. ಒಳಗೆ ಹವಾನಿಯಂತ್ರಣ, ಅದೂ ತಾನೇ ತಾನಾಗಿ ನಡೆಯುವಂಥದು. ಎಷ್ಟು ಡಿಗ್ರಿ ಬೇಕೋ ಅಷ್ಟಕ್ಕೆ ತಿರುಪು ತಿರುಗಿಸಿದರೆ ಸಾಕು. ಒಳಗೆ ಸೆಕೆ ಕಂಡರೆ ಕಾರೇ ತಣ್ಣಗಿನ ಗಾಳಿ ಬಿಡುತ್ತದೆ, ಚಳಿ ಕಂಡರೆ ಬೆಚ್ಚಗಿನದು. ಹೊರಡುವ ದಿನ ಆತ ನನ್ನ ಬೆನ್ನು ತಟ್ಟಿ, “ಇಪ್ಪತ್ತೈದಕ್ಕಿಟ್ಟು ಮರೆತುಬಿಡಿ” ಎಂದ. ಮರೆಯಲು ಆ ಕಾರು ಬಿಟ್ಟರೆ ತಾನೆ.

ನಮ್ಮ ಊರಿಗೆ ಅಂಥ ಕಾರು ಬೇಕಾಗಿಯೇ ಇರಲಿಲ್ಲ. ಹೊಸೂರಿನವರಿಗೆ ತಮ್ಮ ಊರಿನ ತಂಪು ಹವೆಯ ಬಗ್ಗೆ ಇರುವಷ್ಟು ಜಂಬ ಬೇರೆ ಯಾವುದರ ಬಗ್ಗೆಯೂ ಇಲ್ಲ. ನಮ್ಮ ಮಾವನವರಂತೂ ಅದನ್ನು ತಾವೇ ಮಾಡಿಸಿದಂತೆ ಮಾತಾಡುತ್ತಿದ್ದರು. ಕೃಷ್ಣಗಿರಿಯದು ಬೇರೆಯೇ ಕಥೆ. ಅದು ತಗ್ಗಿನಲ್ಲಿದೆ, ಸುತ್ತ ಬೋಳು ಬಂಡೆ, ಹಗಲೆಲ್ಲ ಕಾದ ಬಂಡೆ ಸಂಜೆಯಾದರೂ ಆರುವುದಿಲ್ಲ. ಹೊಸೂರಿನಲ್ಲಿ ಬೆಳಗ್ಗೆ ಸ್ವೆಟರ್ ಹಾಕಿಕೊಂಡು ಬಸ್ಸು ಹತ್ತಿದವನು ಶೂಲಗಿರಿಯಲ್ಲಿ ಅದನ್ನು ಬಿಚ್ಚಿ, ಕೃಷ್ಣಗಿರಿಯಲ್ಲಿ ಇಳಿಯುವಾಗ ಅಂಗಿಯ ಗುಂಡಿಗೆ ಕೈ ಹಾಕುತ್ತಾನೆ. ಹಾಗಾಗಿ ಈ ಕಾರು ಕೃಷ್ಣಗಿರಿ ದಾರಿಯಲ್ಲಿ ಉಪಯೋಗಕ್ಕೆ ಬಂದೀತು ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಕಾರಿನ ಡ್ರೈವರು ಮುನಿರಾಜು. ಕಾರು ಕೈಗೆ ಬಂದ ದಿನವೇ ಸ್ಟಿಯರಿಂಗಿನ ಪಕ್ಕದಲ್ಲಿ ದೇವರ ಪಟ ಅಂಟಿಸಿದ. ಪಟದ ಕೆಳಗೇ, ಮುಂಭಾಗದ ಹಲಗೆಯ ಮೇಲೆ, ಬೆರಳಗಲದ ಜಾಗದಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ಊದುಬತ್ತಿಯ ಕಡ್ಡಿ ಅದರಲ್ಲಿ ಸಿಕ್ಕಿಸಿದರೆ ಒಂದಿಷ್ಟೂ ಅಲ್ಲಾಡದೆ ನಿಲ್ಲುತ್ತಿತ್ತು. “ಯೋಚನೆ ಮಾಡೇ ಇಟ್ಟವ್ರೆ ಸಾರ್. ನಮ್ ದೇಶದ್ ಗಾಡೀಲೂ ಈ ಸೌಕರ್ಯ ಇಲ್ಲ” ಎಂದ. ನನಗೂ ಆ ವಿದೇಶಿಯ ಬಗ್ಗೆ ಗೌರವ ಹೆಚ್ಚಿತು. ಇನ್ನೊಂದು ವಿಶೇಷವನ್ನು ಮುನಿರಾಜು ಎಲ್ಲರನ್ನೂ ಕರೆದು ತೋರಿಸುತ್ತಿದ್ದ. ಊದುಬತ್ತಿಯ ಹೊಗೆ ಮೇಲಕ್ಕೆ ಏಳುತ್ತಿರಲಿಲ್ಲ. ಬಾಗಿ ನೇರವಾಗಿ ಆ ತೂತುಗಳ ಒಳಗೆ ಹೋಗುತ್ತಿತ್ತು. ದೇವರು ಹೊಗೆಯನ್ನು ಸ್ವೀಕರಿಸುತ್ತಿದ್ದಾನೆ ಎಂದು ಗೇಟಿನ ಕಾವಲುಗಾರರೂ ಕ್ಯಾಂಟೀನಿನವರೂ ಬಂದು ಕೈಮುಗಿದು ಹೋದರು. ನಾನೂ ಮುಗಿದೆ.

ಆ ತೂತುಗಳು ಕಾರಿನ ಮೂಗು ಎಂದು ನಮಗೆ ಯಾರೂ ಹೇಳಿರಲಿಲ್ಲ. ಒಳಗಿನ ಗಾಳಿಯನ್ನು ಅಲ್ಲಿಂದ ಎಳೆದುಕೊಂಡು, ಸೆಕೆಯೋ ಚಳಿಯೋ ಎಂದು ಕಾರು ತೀರ್ಮಾನ ಮಾಡುತ್ತಿತ್ತು. ಅದರ ಮೂಗಿಗೇ ಬೆಂಕಿ ಹಿಡಿದರೆ ಅದೇನು ಮಾಡೀತು? ಒಳಗೆ ಕೂತವರು ಬೆಂದು ಹೋಗುತ್ತಿದ್ದಾರೆ ಎಂದುಕೊಂಡು ತನ್ನಲ್ಲಿದ್ದ ತಂಪನ್ನೆಲ್ಲ ನಮ್ಮ ಮೇಲೆ ಸುರಿಯುತ್ತಿತ್ತು. ಇದು ನನಗೆ ತಿಳಿದದ್ದು ತಡವಾಗಿ. ಅಲ್ಲಿಯವರೆಗೆ ಕಂಡದ್ದಿಷ್ಟೇ: ಬೆಳಗ್ಗೆ ಪೂಜೆ ಮಾಡಿ ಹೊರಟರೆ ಹಲ್ಲು ಕಟಕಟಿಸುವ ಚಳಿ, ಸ್ವಲ್ಪ ಹೊತ್ತಿನ ಮೇಲೆ ತಾನೇ ಸರಿಹೋಗುತ್ತಿತ್ತು. ಮದ್ರಾಸಿನಿಂದ ಬಂದ ಅತಿಥಿಯೊಬ್ಬರು ಕಡುಬೇಸಗೆಯಲ್ಲಿ ನನ್ನ ಮಂಗನ ಟೋಪಿಯನ್ನು ಕೇಳಿ ಹಾಕಿಕೊಂಡರು. ನಾನು ಮುನಿರಾಜುವನ್ನು ಬೈದೆ. ಅವನು ಇಪ್ಪತ್ತೈದನ್ನು ತೋರಿಸಿದ. “ನಾವ್ ಹೇಳ್ದಂಗೆ ಇದು ಕೇಳಾಕಿಲ್ಲ ಸಾರ್, ಅದ್ಕೇ ಬುದ್ಧಿ ಐತಂತಲ್ಲ” ಎಂದ. ಉಳಿದ ಗುಂಡಿಗಳನ್ನು ಮುಟ್ಟುವ ಹಾಗಿರಲಿಲ್ಲ. ಒಂದು ಸಲ ನಾನೇ ಧೈರ್ಯ ಮಾಡಿ ಒತ್ತಿ, ಮುಂದಿನ ಗಾಜೆಲ್ಲ ಮಂಜು ಕವಿದು, ಮುನಿರಾಜು ರಸ್ತೆ ಕಾಣದೆ ಹುಣಸೆಮರದ ಬುಡಕ್ಕೆ ಒಯ್ದು ನಿಲ್ಲಿಸಿದ ಮೇಲೆ ಮ್ಯಾನೇಜರು ಗುಂಡಿ ಮುಟ್ಟಕೂಡದೆಂದು ಆಜ್ಞೆ ಮಾಡಿದ್ದರು.

ಹೀಗಿರುವಾಗ ರಾಮೋತ್ಸವ ಬಂತು. ನಮ್ಮ ಬೀದಿಯ ಭಜನೆ ಮಂದಿರದ ಸಮಿತಿಗೆ ನಾನು ಕಾರ್ಯದರ್ಶಿ. ಉತ್ಸವಕ್ಕೆ ಜನ ಸೇರುವುದೇ ಕೊನೆಯ ದಿನದ ಹರಿಕಥೆಗೆ. ಕಥೆ ಹೇಳುವವರು ಕೃಷ್ಣಗಿರಿಯ ಸಂಜೀವದಾಸರು. ಅವರ ಹೆಂಡತಿ ರುಕ್ಕಮ್ಮ ಪಕ್ಕದಲ್ಲಿ ಕೂತು ಹಾರ್ಮೋನಿಯಂ ಒತ್ತಿ ತಾಳ ಹಾಕುತ್ತಿದ್ದರು. ಮದುವೆಯಾದಾಗಿನಿಂದ ಅದೇ ಕೆಲಸ. ಆಕೆಯ ದನಿಯನ್ನು ನಮ್ಮೂರಿನಲ್ಲಿ ಯಾರೂ ಕೇಳಿರಲಿಲ್ಲ. ಹಿಂದಿನ ವರ್ಷ ದಾಸರು ಬಸ್ಸಿನಲ್ಲಿ ಬಂದು ದಾರಿಯ ಧೂಳು ಕುಡಿದು, ಕಥೆಯ ಮಧ್ಯೆ ಕೆಮ್ಮಿ ಕೆಮ್ಮಿ ಸಾಕಾಗಿ ಹೋಗಿದ್ದರು. “ಏನ್ರೀ ಸೆಕ್ರೆಟ್ರಿಗಳೇ, ನಿಮ್ ಧೂಳಿಗೆ ನನ್ ಗಂಟ್ಲು ಬಲಿ ಕೊಡಾಕಾಯ್ತದಾ? ಇನ್ನೊಂದ್ ಕಿತ ಹಿಂಗಾದ್ರೆ ನಾನು ಬರಾಕಿಲ್ಲ” ಎಂದಿದ್ದರು. ಸಮಿತಿಯ ಅಧ್ಯಕ್ಷರು ಆವತ್ತಿನಿಂದ ನನ್ನನ್ನು ಕಂಡಾಗಲೆಲ್ಲ ದಾಸರ ಗಂಟಲನ್ನು ನೆನಪಿಸುತ್ತಿದ್ದರು. ಈ ಸಲ ಕಥೆ ಕೆಟ್ಟರೆ ಕಾರ್ಯದರ್ಶಿ ಬೇರೆಯವರಾಗುತ್ತಾರೆ ಎಂದು ಸಭೆಯಲ್ಲೇ ಹೇಳಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಪದವಿ ಬಿಟ್ಟರೆ ಊರಿನಲ್ಲಿ ನನಗೆ ಬೇರೆ ಮರ್ಯಾದೆ ಇರಲಿಲ್ಲ. ಮ್ಯಾನೇಜರ ಕಾಲು ಹಿಡಿದು ಕಾರು ಕೇಳಿದೆ. ಒಂದಿಷ್ಟೂ ಧೂಳು ಒಳಗೆ ಬಾರದ ತಂಪು ಕಾರಿನಲ್ಲಿ ದಾಸರನ್ನು ಕರೆತರುತ್ತೇನೆ ಎಂದು ಬೀದಿಯ ಮನೆಮನೆಗೂ ಹೇಳಿ ಬಂದೆ.

ಕೃಷ್ಣಗಿರಿಯಲ್ಲಿ ಮಧ್ಯಾಹ್ನದ ಬಿಸಿಲು. ದಾಸರು ಶಾಲು ಹೊದ್ದು, ಕತ್ತಿಗೆ ಮಫ್ಲರು ಸುತ್ತಿ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ನಾನು, ನಡುವೆ ಹಾರ್ಮೋನಿಯಂ ಪೆಟ್ಟಿಗೆ, ಆ ಕಡೆ ರುಕ್ಕಮ್ಮ. ಮುನಿರಾಜು ಊದುಬತ್ತಿ ಹಚ್ಚಿ ಸಿಕ್ಕಿಸಿದ. ಹೊಗೆ ಬಾಗಿ ಒಳಗೆ ಹೋಗುವುದನ್ನು ಕಂಡು ದಾಸರ ಕಣ್ಣು ತುಂಬಿಬಂತು. “ನೋಡೇ ರುಕ್ಕು, ಒಂದೆಳೆ ಹೊಗೆನೂ ಆಚೆ ಬರಾಕಿಲ್ಲ. ಸ್ವಾಮಿ ಇಲ್ಲೇ ಕುಂತವ್ನೆ” ಎಂದರು. ಆಕೆ ಹೂಂ ಎಂದರು. ಕಾರು ಊರು ದಾಟುವ ಹೊತ್ತಿಗೆ ತಂಪಾಯಿತು. ದಾಸರು, “ಸ್ವರ್ಗ ಕಣ್ರೀ” ಎಂದು ಸಂಜೆಯ ಪದಗಳನ್ನು ದೊಡ್ಡ ದನಿಯಲ್ಲಿ ಹಾಡತೊಡಗಿದರು. ನನಗೆ ಗೆದ್ದೆ ಅನಿಸಿತು.

ಇನ್ನಷ್ಟು ದೂರ ಹೋದ ಮೇಲೆ ಅವರು ಶಾಲನ್ನು ಕಿವಿಯ ಮೇಲೆ ಎಳೆದುಕೊಂಡರು. “ವಸಿ ಚಳಿ ಅಲ್ವೇನ್ರೀ?” ಎಂದರು. ಮುನಿರಾಜು ತಿರುಪನ್ನು ಮೂವತ್ತಕ್ಕೆ ಒಯ್ದ. ಚಳಿ ಹಾಗೆಯೇ ಇತ್ತು. ಕಿಟಕಿ ಇಳಿಸಿದ. ಎದುರಿಗೆ ಬಂದ ಲಾರಿಯೊಂದು ರಸ್ತೆಯ ಕೆಂಧೂಳನ್ನೆಲ್ಲ ತಂದು ದಾಸರ ಮಡಿಲಿಗೆ ಹಾಕಿತು. “ಮುಚ್ಚಪ್ಪಾ, ಮುಚ್ಚು” ಎಂದು ಅವರು ಮಫ್ಲರಿನಲ್ಲಿ ಬಾಯಿ ಮುಚ್ಚಿಕೊಂಡರು. ಆಮೇಲೆ ಪಟದ ಕಡೆ ತಿರುಗಿ, “ನೀನೇ ಕಾಪಾಡ್ಬೇಕಪ್ಪ” ಎಂದು ಕೈಮುಗಿದು ಹಿಂದಕ್ಕೆ ಕೈ ಚಾಚಿದರು. “ರುಕ್ಕು, ಒಂದ್ ಕಡ್ಡಿ ಕೊಡು.” ಆಕೆ ಚೀಲದಿಂದ ಕಡ್ಡಿಯನ್ನೂ ಬೆಂಕಿಪೆಟ್ಟಿಗೆಯನ್ನೂ ತೆಗೆದು ಕೊಟ್ಟರು.

ಮುಂದಿನದನ್ನು ನೀವೇ ಊಹಿಸಿಕೊಳ್ಳಬಹುದು. ಚಳಿ ಹೆಚ್ಚಾದಷ್ಟೂ ದಾಸರ ಭಕ್ತಿ ಹೆಚ್ಚಾಯಿತು. ಭಕ್ತಿ ಹೆಚ್ಚಾದಷ್ಟೂ ಕಡ್ಡಿ. ಕಡ್ಡಿ ಹೆಚ್ಚಾದಷ್ಟೂ ಚಳಿ. ಶೂಲಗಿರಿ ದಾಟುವಾಗ ಪಟದ ಮುಂದೆ ಒಂದು ಹಿಡಿ ಊದುಬತ್ತಿ ಉರಿಯುತ್ತಿತ್ತು, ಕಾರು ಹೊಗೆಯನ್ನೆಲ್ಲ ನುಂಗುತ್ತಿತ್ತು, ದಾಸರು ನಡುಗುತ್ತಾ ದೇವರ ನಾಮಗಳನ್ನು ಕೂಗಿ ಹೇಳುತ್ತಿದ್ದರು. ಮೈ ಬೆಚ್ಚಗಾಗಲು ಕೂಗುವುದೇ ಮದ್ದು ಎಂದು ಅವರ ನಂಬಿಕೆ. ನಾನು ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ರುಕ್ಕಮ್ಮ ಮಾತ್ರ ಸೆರಗನ್ನು ತಲೆಯಿಂದ ಗಂಟಲಿನವರೆಗೆ ಬಿಗಿಯಾಗಿ ಸುತ್ತಿ, ಬಾಯಿ ಬಿಡದೆ, ಕೇಳಿದಾಗಲೆಲ್ಲ ಕಡ್ಡಿ ಕೊಡುತ್ತಿದ್ದರು.

ಮಂದಿರದ ಮುಂದೆ ಇಳಿದಾಗ ಅಧ್ಯಕ್ಷರು ಹಾರ ಹಿಡಿದು ನಿಂತಿದ್ದರು. ದಾಸರು ನಮಸ್ಕಾರ ಎನ್ನಲು ಬಾಯಿ ತೆರೆದರು. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಸದ್ದು ಬಂತು. ಬಿಸಿ ಹಾಲು ಕೊಟ್ಟೆವು, ಕಾಳುಮೆಣಸು ಕೊಟ್ಟೆವು, ಜ್ಯೇಷ್ಠಮಧು ಕೊಟ್ಟೆವು. ಸಂಜೆಯ ಹೊತ್ತಿಗೆ ಆ ಸದ್ದೂ ನಿಂತುಹೋಯಿತು. ಒಳಗೆ ಜಮಖಾನದ ತುಂಬ ಜನ, ಹೊರಗೆ ಜಗಲಿಯ ಮೇಲೂ ಜನ. ಅಧ್ಯಕ್ಷರು ನನ್ನನ್ನು ಮೂಲೆಗೆ ಕರೆದು, “ತಂಪು ಕಾರು” ಎಂದಷ್ಟೇ ಹೇಳಿದರು. ನನಗೆ ನಿಜವಾಗಿಯೂ ಅಳು ಬಂತು.

ಆಗ ರುಕ್ಕಮ್ಮ ಎದ್ದು ಬಂದರು. “ಯಜಮಾನ್ರು ಹೂಂ ಅಂದ್ರೆ ನಾನೇ ನಾಕ್ ಮಾತು ಹೇಳ್ತೀನಿ ಸೋಮಿ” ಎಂದರು. ಎಲ್ಲರೂ ದಾಸರನ್ನು ನೋಡಿದೆವು. ಅವರು ಜೋರಾಗಿ ತಲೆ ಅಲ್ಲಾಡಿಸಿದರು. ನಮ್ಮ ಕಡೆ ತಲೆ ಅಲ್ಲಾಡಿಸಿದರೆ ನೋಡುವವರು ತಮಗೆ ಬೇಕಾದಂತೆ ಅರ್ಥ ಮಾಡಿಕೊಳ್ಳಬಹುದು. ಅಧ್ಯಕ್ಷರು ಒಪ್ಪಿಗೆ ಎಂದುಕೊಂಡರು. ಹಾರ್ಮೋನಿಯಂ ಮುಂದೆ ದಾಸರನ್ನು ಕೂರಿಸಿದ್ದಾಯಿತು.

ಆವತ್ತಿನದು ಸ್ವಯಂವರದ ಕಥೆ. ದಾಸರು ಹೇಳುವಾಗ ಅದರಲ್ಲಿ ಬಿಲ್ಲು ಎಷ್ಟು ಭಾರ, ಅದನ್ನು ಎಷ್ಟು ಜನ ಹೊತ್ತು ತಂದರು, ಮುರಿದಾಗ ಎಂಥ ಸದ್ದಾಯಿತು ಎನ್ನುವುದೇ ಮುಕ್ಕಾಲು ಭಾಗ. ರುಕ್ಕಮ್ಮ ಬಿಲ್ಲನ್ನು ಒಂದೇ ಮಾತಿನಲ್ಲಿ ಮುರಿಸಿ ಪಕ್ಕಕ್ಕಿಟ್ಟರು. “ಎಲ್ಲಾರೂ ಬಿಲ್ ನೋಡ್ತಾ ಕುಂತ್ರಲ್ಲ, ಹೊತ್ತಾರೆಯಿಂದ ಹಾರ ಎತ್ತಿ ಹಿಡ್ಕೊಂಡು ನಿಂತವ್ಳಲ್ಲ ಒಬ್ಳು, ಅವಳ ಕೈ ನೋಯ್ತದಾ ಅಂತ ಯಾರಾನಾ ಕೇಳಿದ್ರಾ?” ಎಂದರು. ಹೆಂಗಸರ ಕಡೆ ಮೊದಲು ನಗು ಎದ್ದಿತು, ಆಮೇಲೆ ಮೂಗು ಒರೆಸಿಕೊಳ್ಳುವ ಸದ್ದು. ಕಥೆ ಕನ್ನಡದಲ್ಲಿ, ಅತ್ತೆಯ ಬುದ್ಧಿಮಾತು ತೆಲುಗಿನಲ್ಲಿ, ದ್ವಾರಪಾಲಕರ ಗದರಿಕೆ ತಮಿಳಿನಲ್ಲಿ. ನಮ್ಮ ಮನೆಗಳಲ್ಲಿ ನಾವು ಮಾತಾಡುವುದೇ ಹಾಗೆ. ವೇದಿಕೆಯ ಮೇಲೆ ಅದನ್ನು ನಾನು ಕೇಳಿದ್ದು ಅದೇ ಮೊದಲು. ಮಂಗಳಾರತಿ ಆದರೂ ಜನ ಏಳಲಿಲ್ಲ. ನನ್ನ ಹೆಂಡತಿ ಕೂಡ ಕಣ್ಣೊರೆಸಿಕೊಂಡು, “ನೀವು ಮಾಡಿದ್ದರಲ್ಲಿ ಇದೊಂದು ಸರಿಯಾಯ್ತು” ಎಂದಳು. ನಾನು ಏನೂ ಮಾಡಿರಲಿಲ್ಲ.

ಮಾರನೆಯ ಬೆಳಗ್ಗೆ ದಾಸರು ಕಾರು ಬೇಡವೆಂದು ಕೈಯಲ್ಲೇ ಸನ್ನೆ ಮಾಡಿ ಬಸ್ಸು ಹತ್ತಿ ಕೂತರು. ಪೆಟ್ಟಿಗೆ ಹತ್ತಿಸಲು ನಾನು ನಿಂತಿದ್ದಾಗ ರುಕ್ಕಮ್ಮ ಮೆಲ್ಲಗೆ ಹೇಳಿದರು: “ಆ ತೂತ್‌ಗೆ ಕಡ್ಡಿ ಸಿಗಿಸ್ದಾಗೆಲ್ಲ ಚಳಿ ಜಾಸ್ತಿ ಆಯ್ತಿತ್ತು ಸೋಮಿ. ಅರ್ಧ ದಾರೀಲೇ ನಂಗೆ ಗೊತ್ತಾಯ್ತು.”

“ಮತ್ತೆ ಕಡ್ಡಿ ಯಾಕಮ್ಮ ಕೊಟ್ಟಿರಿ?” ಎಂದೆ.

“ಕೇಳಿದ್ರು, ಕೊಟ್ಟೆ. ಅವ್ರು ಕೇಳಿದ್ ಕೊಡೋದೇ ಅಲ್ವಾ ನನ್ ಕೆಲ್ಸ?” ಎಂದು ಬಸ್ಸು ಹತ್ತಿದರು.

ನಾನೂ ಮುನಿರಾಜುವೂ ಅದೇ ದಿನ ಕಡ್ಡಿ ಹಚ್ಚಿ, ತೆಗೆದು, ಮತ್ತೆ ಹಚ್ಚಿ ನೋಡಿದೆವು. ಆಕೆ ಹೇಳಿದ್ದು ನಿಜ. ತೂತುಗಳ ಕೆಲಸವೇನೆಂದು ಆಮೇಲೆ ಕಾರ್ಖಾನೆಯ ಎಂಜಿನಿಯರೊಬ್ಬರು ಬಿಡಿಸಿ ಹೇಳಿದರು. ಮುನಿರಾಜು ಪಟವನ್ನು ತೂತುಗಳಿಂದ ದೂರಕ್ಕೆ ಸರಿಸಿದ. ಕಾರು ಇಪ್ಪತ್ತೈದಕ್ಕೆ ಸರಿಯಾಗಿ ನಿಂತಿತು. ಹೊಗೆ ಒಳಗೆ ಹೋಗುವುದು ನಿಂತದ್ದರಿಂದ ಕೈಮುಗಿಯುವವರೂ ಕಡಿಮೆಯಾದರು.

ಮುಂದಿನ ವರ್ಷದ ಸಭೆಯಲ್ಲಿ ಎಲ್ಲರಿಗೂ ರುಕ್ಕಮ್ಮನ ಕಥೆಯೇ ಬೇಕು. ಆದರೆ ಗಂಡನನ್ನು ಬಿಟ್ಟು ಹೆಂಡತಿಗೆ ವೀಳ್ಯ ಕೊಡುವ ಧೈರ್ಯ ಯಾರಿಗೂ ಇಲ್ಲ. ಹೋಗಿ ಕರೆದು ಬನ್ನಿ, ಹೇಗಾದರೂ ಮಾಡಿ ಎಂದು ಅಧ್ಯಕ್ಷರು ನನ್ನನ್ನೇ ಕಳಿಸಿದರು. ಕೃಷ್ಣಗಿರಿಯಲ್ಲಿ ದಾಸರು ಮೊದಲಿನ ಖಣಖಣ ದನಿಯಲ್ಲೇ ಮಾತಾಡುತ್ತಾ ಒಪ್ಪಿಕೊಂಡರು. “ಬಸ್ ಬ್ಯಾಡ, ಆ ಕಾರೇ ತನ್ನಿ. ಹೋದ ಕಿತ ನನ್ನದೇ ತಪ್ಪು. ಸ್ವಾಮಿಗೆ ಕಡ್ಡಿ ಸಾಲ್ದೇ ಹೋಯ್ತು. ಈ ಕಿತ ದೊಡ್ ಪ್ಯಾಕೆಟ್ ತಗೊಂಡ್ ಬನ್ನಿ” ಎಂದರು. ನಿಜ ಹೇಳಲು ನಾನು ಬಾಯಿ ತೆರೆದೆ. ಮಜ್ಜಿಗೆಯ ಲೋಟ ಹಿಡಿದು ಬಂದ ರುಕ್ಕಮ್ಮ ಅದನ್ನು ನನ್ನ ಕೈಗೆ ಕೊಡದೆ ಹಾಗೇ ಹಿಡಿದುಕೊಂಡು ನನ್ನನ್ನೇ ನೋಡುತ್ತಾ ನಿಂತರು. “ಆಯ್ತು ದಾಸರೆ, ತರ್ತೀನಿ” ಎಂದೆ. ಲೋಟ ನನ್ನ ಕೈಗೆ ಬಂತು.

ಮಜ್ಜಿಗೆ ಕುಡಿದು ಹೊರಗೆ ಬಂದವನು ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ, ಇರುವುದರಲ್ಲಿ ದಪ್ಪನೆಯ, ಬಹಳ ಹೊತ್ತು ಉರಿಯುವ ಊದುಬತ್ತಿ ಯಾವುದೆಂದು ವಿಚಾರಿಸಿದೆ. ಪಟವನ್ನು ಮೊದಲಿನ ಜಾಗಕ್ಕೇ ಅಂಟಿಸುವಂತೆ ಮುನಿರಾಜುವಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಅಂಗಡಿಯವನು ಪೊಟ್ಟಣ ಕಟ್ಟುತ್ತಾ, “ಭಾಳ ಭಕ್ತಿ ನಿಮ್ಗೆ” ಎಂದ. ನಾನು ಹೌದೆಂದು ತಲೆ ಅಲ್ಲಾಡಿಸಿದೆ.